ಲೈನ್ ಕ್ಲಿಯರ್

ಹಿಮ್ಮಡಿಯ ಮಚ್ಚೆ ನೋಡಿ ಅಜ್ಜಿ ಹೇಳಿದ್ದಳು:
ಇವನ ಕಾಲಲ್ಲಿ ತಿರುಗಾಟ ಬರೆದಿದೆ.
ಬರೆದಿತ್ತು, ಹೌದು. ಕುಂಸಿ ಫೀಡರಿನ ಉದ್ದಕ್ಕೂ
ಇಪ್ಪತ್ತೊಂಬತ್ತು ವರ್ಷ, ಕಂಬದಿಂದ ಕಂಬಕ್ಕೆ.
ಮಚ್ಚೆಯೂ ತಿರುಗಾಟ ಕಲಿತೀತೆಂದು
ಅಜ್ಜಿ ಹೇಳಿರಲಿಲ್ಲ.

ಬೂಟು ಕಚ್ಚಿದ ಗಾಯ ಅಂದುಕೊಂಡೆ.
ಅರಿಸಿನ, ಆಮೇಲೆ ಮೆಡಿಕಲ್ ಶಾಪಿನ ಮುಲಾಮು,
ಆಮೇಲೆ ಆಯನೂರಿನಲ್ಲಿ ಯಾರೋ ಕೊಟ್ಟ ಸೊಪ್ಪಿನ ರಸ.
ಒಂದು ವರ್ಷ ನಾನೇ ಅದಕ್ಕೆ ದಾರಿ ಬಿಟ್ಟೆ.
ಕೊಯ್ದು ತೆಗೆಯುವಷ್ಟರಲ್ಲಿ ಅದು
ತೊಡೆಸಂದಿಗೆ, ಅಲ್ಲಿಂದ ಶ್ವಾಸಕೋಶಕ್ಕೆ
ಲೈನ್ ಎಳೆದುಕೊಂಡಾಗಿತ್ತು,
ಯಾವ ಸೆಕ್ಷನ್ ಆಫೀಸಿನ ಮಂಜೂರಾತಿಯೂ ಇಲ್ಲದೆ.

ಡಾಕ್ಟರ್ ನನ್ನ ಮಗಳ ವಯಸ್ಸಿನವಳು.
ಚೀಟಿಯ ಹಿಂಬದಿಗೆ ಚಿತ್ರ ಬರೆದಳು:
ನಿಮ್ಮ ಮೈಯಲ್ಲಿ ಕಾವಲಿನವರಿದ್ದಾರೆ,
ಇವನು ಅವರ ಕಣ್ಣಿಗೆ ಬಟ್ಟೆ ಕಟ್ಟಿದ್ದಾನೆ.
ಮೂರು ವಾರಕ್ಕೊಮ್ಮೆ ಹನಿಹನಿ ಇಳಿಯುವ ಔಷಧಿ
ಆ ಬಟ್ಟೆ ಬಿಚ್ಚಲಿಕ್ಕೆ.
ಮತ್ತೆ ಕಿರಣ ಯಾಕೆ, ಕೇಳಿದೆ.
ಕಣ್ಣು ಬಿಟ್ಟವರಿಗೆ ಕಳ್ಳನ ಮುಖ ಗೊತ್ತಿರಬೇಕಲ್ಲ.
ಎದೆಯ ಒಂದು ಗಂಟಿಗೆ ಮಾತ್ರ ಗುರಿಯಿಟ್ಟು ಸುಡುತ್ತೇವೆ;
ಚೆಲ್ಲಿದ ಚೂರುಗಳಲ್ಲಿ ಗುರುತು ಹಿಡಿದರೆ
ಸುಡದ ಜಾಗಕ್ಕೂ ಅವರೇ ಹುಡುಕಿಕೊಂಡು ಹೋಗಬಹುದು.
ಹೋಗಬಹುದು, ಅಂದಳು. ಹೋಗುತ್ತಾರೆ ಅನ್ನಲಿಲ್ಲ.
ಆ ‘ಬಹುದು’ ಕೇಳಿಯೇ ನಾನು ಅವಳನ್ನು ನಂಬಿದ್ದು.

ಚೌಡಮ್ಮ ಕೇಳಿದ್ದು ಒಂದೇ: ಇವರಿಗೆ ಉರಿಯುತ್ತದಾ?

ಎದೆಯ ಮೇಲೆ ಮೂರು ಚುಕ್ಕಿ ಹಚ್ಚೆ ಹಾಕಿದರು,
ಸಾಸಿವೆಗಿಂತ ಸಣ್ಣವು, ಅಳಿಸಲಾಗದವು.
ಒಂದು ಕರಿಚುಕ್ಕಿಯಿಂದ ಇಷ್ಟೆಲ್ಲ ಆದಮೇಲೆ
ಇನ್ನೂ ಮೂರಾ ತಾಯಿ, ಅಂದೆ.
ಇವು ನಮ್ಮ ಕಡೆಯವು, ಅಂದಳು ಲವೀನಾ,
ಯಂತ್ರ ನಡೆಸುವ ಸಾಗರದ ಹುಡುಗಿ.

ನೆಲಮಾಳಿಗೆ. ಗೋಡೆ ಮೂರು ಮೊಳ ದಪ್ಪ.
ಭಾರದ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಹೋದರು.
ನಗು ಬಂತು. ನನ್ನ ಕಸುಬಿನಲ್ಲಿ
ಕಂಬಕ್ಕೆ ಕೈ ಇಡುವ ಮೊದಲು ಲೈನ್ ಕ್ಲಿಯರ್ ಕೇಳಬೇಕು.
ಕರೆಂಟು ತೆಗೆದಿದೆಯಾ? ತೆಗೆದಿದೆ.
ಅರ್ಥಿಂಗ್ ಹಾಕಿದೆಯಾ? ಹಾಕಿದೆ.
ಬಾಯಿಮಾತು ಸಾಲದು, ಪುಸ್ತಕದಲ್ಲಿ ಸಹಿ ಬೇಕು.
ಒಂದು ಸಂಜೆ ಮಕ್ಬೂಲ್ ಸಹಿಗೆ ಕಾಯಲಿಲ್ಲ.
ಚೋರಡಿಯ ತಿರುವಿನಲ್ಲಿ ಅವನನ್ನು ಕೆಳಗಿಳಿಸಿದ್ದು ಇದೇ ಕೈ.
ಇಲ್ಲಿ ಎಲ್ಲ ತಿರುವುಮುರುವು:
ಕರೆಂಟು ಹರಿಯಲೆಂದೇ ಸಹಿ ಹಾಕಿ
ಅಲ್ಲಾಡದೆ ಮಲಗಿದವನು ನಾನು.

ಉಸಿರು ಎಳೆದುಕೊಳ್ಳಿ. ಹಿಡಿಯಿರಿ.
ಗೋಡೆಯೊಳಗಿಂದ ಲವೀನಾಳ ದನಿ.
ಯಂತ್ರ ಸುತ್ತ ತಿರುಗಿತು, ಹಳೇ ಟಿಸಿಯಂತೆ ಗುಂಯ್ಗುಟ್ಟುತ್ತ.
ಬಿಸಿಯಿಲ್ಲ, ಬೆಳಕಿಲ್ಲ, ವಾಸನೆಯಿಲ್ಲ.
ಆದರೂ ಏನೂ ಇಲ್ಲ ಅನ್ನಲಾರೆ,
ಕಾಣದ್ದಕ್ಕೆ ಹೆದರಿಯೇ ಸಂಬಳ ತಿಂದವನು.
ಬಿಡಿ.
ಬಿಟ್ಟೆ.
ಮತ್ತೆ.

ಹೀಗೆ ಐದು ಸಲ. ಔಷಧಿ ಮಾತ್ರ ನಿಲ್ಲಲಿಲ್ಲ.
ಕಣ್ಣು ಬಿಟ್ಟ ಕಾವಲಿನವರು ಮನೆಯವರನ್ನೂ ಬಿಡಲಿಲ್ಲ:
ಮೈಯೆಲ್ಲ ತುರಿಕೆ, ಹನ್ನೆರಡು ದಿನ ಭೇದಿ,
ಮತ್ತೊಂದು ಔಷಧಿ ಕೊಟ್ಟು ಅವರನ್ನೇ ಸುಮ್ಮನಿರಿಸಬೇಕಾಯಿತು.
ಆಮೇಲೆ ಮುಂಗೈಯಲ್ಲೊಂದು ಬಿಳಿ ಮಚ್ಚೆ.
ತೊನ್ನು ಹತ್ತಿತು ನೋಡು, ಪಕ್ಕದ ಮನೆಯವರು
ನಮ್ಮ ಲೋಟದಲ್ಲಿ ಟೀ ಕುಡಿಯುವುದು ಬಿಟ್ಟರು.
ಡಾಕ್ಟರ್ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು:
ಕಳ್ಳ ನಿಮ್ಮ ಬಣ್ಣದ ಮನೆತನದವನೇ,
ಅವನನ್ನು ಹುಡುಕುವವರು ದಾಯಾದಿಗಳಿಗೂ ಹೊಡೆಯುತ್ತಿದ್ದಾರೆ.
ಕೆಟ್ಟ ಗುರುತಲ್ಲ.

ಸ್ಕ್ಯಾನಿನಲ್ಲಿ ಸುಟ್ಟ ಗಂಟು ಬೂದಿಯಷ್ಟು.
ಸುಡದೆ ಬಿಟ್ಟ ತೊಡೆಸಂದಿಯದು ಸ್ವಲ್ಪ ಕುಗ್ಗಿದೆ.
ಇನ್ನೊಂದು ಇದ್ದ ಹಾಗೇ ಇದೆ.
ಲೈನ್ ಕ್ಲಿಯರಾ, ಕೇಳಿದೆ.
ಅವಳಿಗೆ ಆ ಮಾತು ಗೊತ್ತಿರಲಿಲ್ಲ.

ಈಗ ಭಾನುವಾರ ಭಾನುವಾರ ಚೌಡಮ್ಮ
ಬಿಳಿ ಮಚ್ಚೆಯ ಅಂಚಿಗೆ ಪೆನ್ನಿನಿಂದ ಗೆರೆ ಎಳೆಯುತ್ತಾಳೆ.
ತುಂಗೆ ಏರಿದಾಗ ಊರೆಲ್ಲ ಸೇತುವೆಗೆ ಓಡಿ
ಮಂಟಪ ಮುಳುಗಿತಾ, ಮುಳುಗಿತಾ ಎಂದು ಬಗ್ಗಿ ನೋಡುವುದಿಲ್ಲವೇ,
ಹಾಗೆ.
ಹಳೇ ಗೆರೆ ದಾಟಿದ್ದರೆ
ಅವತ್ತು ಅವಳೂ ಎರಡು ರೊಟ್ಟಿ ಜಾಸ್ತಿ ತಿನ್ನುತ್ತಾಳೆ.